ಜೋಡುನಳಿಗೆ ಕೋವಿಯ ದುರಸ್ತಿಯಲ್ಲಾದ ಹಾನಿ ಮತ್ತು ಹಳೆಯದೆಂದು ಮಾರಿದ ಹೊಸ ಪರಿಕರಗಳ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಕೋವಿ ದುರಸ್ತಿ ಮತ್ತು ಹಳೆಯ ಪರಿಕರ ಮಾರಾಟ ವಿಭಾಗ

ಇವರಿಂದ,
ಕೋವಿ ಒಪ್ಪಿಸಿದ ಒಕ್ಕದವರು (ಕೊಡವ ಮನೆತನದವರು),
ವಿರಾಜಪೇಟೆ ತಾಲ್ಲೂಕು, ಕೊಡಗು

ವಿಷಯ: 25 ಇಂಚಿನ ಗಿಡ್ಡ ನಳಿಗೆಯ 12 ಬೋರ್ ಕೋವಿಯನ್ನು ಬಿಸಿ ಕಾಸ್ಟಿಕ್ ತೊಟ್ಟಿಯಲ್ಲಿ ಅದ್ದಿ ಹಾಳು ಮಾಡಿರುವುದು, ಬಿಲ್ಲಿನಲ್ಲಿ ‘ಕತ್ತರಿಸಿದ ನಳಿಗೆ’ ಎಂದು ತಪ್ಪಾಗಿ ಬರೆದಿರುವುದು ಹಾಗೂ ಪರಿಕರಗಳ ಸೆಟ್ಟಿನ ಬಗ್ಗೆ.

ಮಾನ್ಯರೇ,

ಮೇ ತಿಂಗಳಲ್ಲಿ ಕೋವಿ ಒಪ್ಪಿಸಿದಾಗ ಕೆಲಸದ ಚೀಟಿಯಲ್ಲಿ ಮೂರು ಮಾತು ಬರೆಸಿದ್ದೆವು. ನಳಿಗೆಯ ಮೇಲಿನ ತುಕ್ಕು ತೆಗೆದು ಹಳೆಯ ಕ್ರಮದಲ್ಲಿ ನಿಧಾನವಾಗಿ ಕಪ್ಪು ಮಾಡಬೇಕು. ಮರ ಮುಟ್ಟಬಾರದು. ಕೋವಿಯ ಕಾಲಕ್ಕೆ ಒಪ್ಪುವ ಪೆಟ್ಟಿಗೆ ಮತ್ತು ಪರಿಕರಗಳನ್ನು ಹುಡುಕಿಕೊಡಬೇಕು. ಜೂನ್ ಎರಡನೇ ವಾರ ಕೋವಿ ವಾಪಸ್ ಬಂತು. ದುರಸ್ತಿಗೆ 26,000, ಪರಿಕರಗಳಿಗೆ 38,000, ಒಟ್ಟು 64,000 ರೂಪಾಯಿ ಪೂರ್ತಿ ಪಾವತಿಯಾಗಿದೆ. ಮೂರರಲ್ಲಿ ಸರಿಯಾಗಿ ಉಳಿದಿರುವುದು ಮರ ಒಂದೇ.

ಮೊದಲು ಬಿಲ್ಲಿನ ವಿಷಯ, ಯಾಕೆಂದರೆ ಅದನ್ನು ಈ ವಾರವೇ ತಿದ್ದಬೇಕು. ವಿವರಣೆಯ ಸಾಲಿನಲ್ಲಿ ‘12 ಬೋರ್ ಜೋಡುನಳಿಗೆ, ನಳಿಗೆ ಕತ್ತರಿಸಿದ್ದು’ ಎಂದು ಬರೆದಿದ್ದೀರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡುವುದು ಅಪರಾಧ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ನಳಿಗೆ ಕತ್ತರಿಸುವುದಕ್ಕಲ್ಲ. ನಿಮ್ಮ ಗುಮಾಸ್ತರು ಗೀಚಿದ ಆ ಎರಡು ಪದ ನಾಳೆ ಯಾರದೋ ಮೇಜಿನ ಮೇಲೆ ನಮ್ಮ ವಿರುದ್ಧದ ಸಾಕ್ಷಿಯಾಗುತ್ತದೆ.

ಈ ನಳಿಗೆ ಕಾರ್ಖಾನೆಯಿಂದಲೇ 25 ಇಂಚು. 1920ರ ದಶಕದಲ್ಲಿ ಲಂಡನ್ನಿನ ಕೋವಿ ತಯಾರಕ ರಾಬರ್ಟ್ ಚರ್ಚಿಲ್ ಈ ಅಳತೆಯನ್ನು ಬಳಕೆಗೆ ತಂದ ಮೇಲೆ ಬೇರೆ ತಯಾರಕರೂ ಅದೇ ದಾರಿ ಹಿಡಿದರು. ನಮ್ಮದು ಬರ್ಮಿಂಗ್‌ಹ್ಯಾಮಿನ ಬಾಕ್ಸ್‌ಲಾಕ್, ಅಂದರೆ ಹೊಡೆಯುವ ಯಂತ್ರ ಒಳಗಡೆಯೇ ಅಡಗಿರುವ ಕೋವಿ. ಕತ್ತರಿಸಿದ್ದೋ ಅಲ್ಲವೋ ಎಂದು ತಿಳಿಯಲು ಕೋವಿ ಬಲ್ಲವರಿಗೆ ಎರಡು ನಿಮಿಷ ಸಾಕು. ಜೋಡುನಳಿಗೆಗಳು ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಣ್ಣಗಾಗಿ ಬಾಯಿಯ ಹತ್ತಿರ ಒಂದಕ್ಕೊಂದು ತಾಗುತ್ತವೆ. ನಡುವೆ ಕೊಯ್ದರೆ ಬಾಯಿಯಲ್ಲಿ ಸಂದು ಉಳಿಯುತ್ತದೆ, ಅದನ್ನು ಬೆಸುಗೆ ತುಂಬಿ ಮುಚ್ಚಬೇಕಾಗುತ್ತದೆ. ಇಲ್ಲಿ ಎರಡೂ ಬಾಯಿ ಅಂಟಿಕೊಂಡೇ ಇವೆ. ಎರಡನೆಯದು ಚೋಕ್, ಅಂದರೆ ನಳಿಗೆಯ ಒಳವ್ಯಾಸ ಬಾಯಿಯಲ್ಲಿ ತುಸು ಕಿರಿದಾಗಿರುವುದು. ಅದಿರುವುದು ತುದಿಯ ಕೆಲವು ಇಂಚಿನಲ್ಲಿ; ಕೊಯ್ದರೆ ಮೊದಲು ಹೋಗುವುದೇ ಅದು. ಈ ಕೋವಿಯ ಒಳವ್ಯಾಸ 0.729 ಇಂಚು, ಬಾಯಿಯಲ್ಲಿ ಬಲಗಡೆ 0.724, ಎಡಗಡೆ 0.714. ಅಂದರೆ ಚೋಕ್ ಹಾಗೆಯೇ ಇದೆ. ಎರಡು ನಳಿಗೆಗಳ ನಡುವೆ ಮೇಲೆ ಬೆಸೆದ ಲೋಹದ ಪಟ್ಟಿಯೂ ತುದಿಯವರೆಗೆ ಕ್ರಮವಾಗಿ ಕಿರಿದಾಗಿ ಮುಗಿಯುತ್ತದೆ, ನಡುವೆ ತುಂಡಾದ ಗುರುತಿಲ್ಲ.

ಇನ್ನು ಕಪ್ಪು ಬಣ್ಣ. ನಿಮ್ಮ ಕೆಲಸಗಾರರು ನಳಿಗೆಯನ್ನು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಬೆರೆಸಿದ ಕುದಿಯುವ ತೊಟ್ಟಿಯಲ್ಲಿ ಅದ್ದಿದ್ದಾರೆ. ಬಿಲ್ಲಿನಲ್ಲಿ ‘ಹಾಟ್ ಬ್ಲ್ಯಾಕ್’ ಎಂದು ನೀವೇ ಬರೆದಿದ್ದೀರಿ. ರೈಫಲ್‌ಗೆ, ಒಂಟಿನಳಿಗೆಗೆ ಅದು ನಡೆಯುತ್ತದೆ. ಹಳೆಯ ಜೋಡುನಳಿಗೆಗೆ ಮಾತ್ರ ಎಂದೂ ಮಾಡಬಾರದು. ಎರಡು ನಳಿಗೆಗಳ ನಡುವಿನ ಮೇಲಿನ ಮತ್ತು ಕೆಳಗಿನ ಪಟ್ಟಿಗಳನ್ನು ಹಿಡಿದಿರುವುದು ತವರ-ಸೀಸದ ಮೆದು ಬೆಸುಗೆ. ತೊಟ್ಟಿಯ ಬಿಸಿ 140 ಡಿಗ್ರಿಯ ಆಸುಪಾಸು, ಬೆಸುಗೆ ಕರಗುವುದು 183 ಡಿಗ್ರಿಯ ಮೇಲೆ, ಹಾಗಾಗಿ ಏನೂ ಆಗುವುದಿಲ್ಲ ಎಂದು ನಿಮ್ಮವರು ಫೋನಿನಲ್ಲಿ ವಾದಿಸಿದರು. ಬೆಸುಗೆ ಬಿಸಿಗೆ ಕರಗಿಲ್ಲ ನಿಜ. ಆದರೆ ತವರ, ಸೀಸ ಎರಡನ್ನೂ ಕಾಸ್ಟಿಕ್ ಕ್ಷಾರ ತಿನ್ನುತ್ತದೆ. ಬೆಸುಗೆಯಲ್ಲಿ ಕೂದಲಿನಷ್ಟು ಸಣ್ಣ ತೂತು ಬಿದ್ದರೂ ದ್ರಾವಣ ಪಟ್ಟಿಯ ಕೆಳಗಿನ ಪೊಳ್ಳಿಗೆ ನುಗ್ಗುತ್ತದೆ. ಒಳಗೆ ಸೇರಿದ ಮೇಲೆ ತೊಳೆಯಲು ದಾರಿಯಿಲ್ಲ.

ಮುಂದೆ ಆದದ್ದು ಕೊಡಗಿನ ಮಳೆಗಾಲದಲ್ಲಿ ಆಗಲೇಬೇಕಾದದ್ದು. ಉಳಿದ ಉಪ್ಪು ಗಾಳಿಯ ತೇವ ಹೀರಿತು. ಜುಲೈ ಮೊದಲ ವಾರ ಮೇಲಿನ ಪಟ್ಟಿಯ ಎಡ ಅಂಚಿನಲ್ಲಿ, ಬುಡದಿಂದ ಏಳು ಇಂಚಿನ ಹತ್ತಿರ, ಅಕ್ಕಿಹಿಟ್ಟಿನ ಗೆರೆಯಂತೆ ಬಿಳಿ ಪುಡಿ ಕಾಣಿಸಿತು. ಒರೆಸಿ ಎಣ್ಣೆ ಹಚ್ಚಿದರೆ ನಾಲ್ಕು ದಿನಕ್ಕೆ ಮತ್ತೆ ಬಂತು. ಆ ಪುಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕದಡಿ ಕೆಂಪು ಲಿಟ್ಮಸ್ ಕಾಗದ ಅದ್ದಿದಾಗ ನೀಲಿಯಾಯಿತು. ಅದು ಕ್ಷಾರವೇ. ಈಗ ಅದೇ ಜಾಗದಲ್ಲಿ ಕಂದು ನೀರು ಒಸರುತ್ತಿದೆ. ತುಕ್ಕು ಒಳಗಿನಿಂದ ಬರುತ್ತಿದೆ ಎಂದರ್ಥ. ನಳಿಗೆಯನ್ನು ಮರದಿಂದ ಬಿಚ್ಚಿ, ಬುಡದ ಕೊಕ್ಕೆಗೆ ದಾರ ಕಟ್ಟಿ ತೂಗುಹಾಕಿ, ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿ ನೋಡಿ. ಪಟ್ಟಿ ಗಟ್ಟಿಯಾಗಿದ್ದರೆ ದೇವಸ್ಥಾನದ ಗಂಟೆಯಂತೆ ನಾದ ಎಳೆಯುತ್ತದೆ. ನಿಮಗೆ ಕೊಡುವ ಮುಂಚೆ ಹಾಗೆಯೇ ಎಳೆಯುತ್ತಿತ್ತು, ಅದರ ಧ್ವನಿಮುದ್ರಣ ನಮ್ಮಲ್ಲಿದೆ. ಈಗ ಬಿರುಕು ಬಿಟ್ಟ ಮಡಕೆ ತಟ್ಟಿದ ಹಾಗೆ ‘ಜರ್’ ಎಂದು ಅಲ್ಲಿಗೇ ನಿಲ್ಲುತ್ತದೆ.

ನಾವು ಕೇಳಿದ್ದ ಹಳೆಯ ಕ್ರಮ ಗುಟ್ಟಿನ ವಿದ್ಯೆಯೇನಲ್ಲ. ಒಳಭಾಗಕ್ಕೆ ಬಿರಡೆ ಹಾಕಿ, ಎಣ್ಣೆಯ ಅಂಶ ಪೂರ್ತಿ ತೆಗೆದು, ತುಕ್ಕು ಹಿಡಿಸುವ ದ್ರಾವಣವನ್ನು ತೆಳ್ಳಗೆ ಸವರಿ, ತೇವದ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಇಡುವುದು. ಕೆಂಪು ತುಕ್ಕು ಸಮನಾಗಿ ಹಿಡಿದ ಮೇಲೆ ಶುದ್ಧ ನೀರಿನಲ್ಲಿ ಕುದಿಸಿದರೆ ಅದು ಕಪ್ಪಾಗುತ್ತದೆ. ಸಡಿಲ ಪುಡಿಯನ್ನು ಮೆತ್ತನೆಯ ತಂತಿ ಬ್ರಷ್‌ನಲ್ಲಿ ಉಜ್ಜಿ ಮತ್ತೆ ಮೊದಲಿನಿಂದ, ಹೀಗೆ ಆರರಿಂದ ಹತ್ತು ಸಲ. ಬಿಸಿ 100 ಡಿಗ್ರಿ ದಾಟುವುದಿಲ್ಲ, ಕ್ಷಾರ ಹತ್ತಿರ ಬರುವುದಿಲ್ಲ. ವಾರವಿಡೀ ಹಿಡಿಯುವ ಕೆಲಸ ಅದು. ಆ ಕೆಲಸಕ್ಕೆಂದೇ ನಿಮಗೆ 26,000 ಕೊಟ್ಟಿದ್ದು.

ಅದ್ದುವ ಮುಂಚೆ ನಳಿಗೆಯನ್ನು ಯಂತ್ರದ ಬಟ್ಟೆಚಕ್ರಕ್ಕೆ ಕೊಟ್ಟಿದ್ದಾರೆ. ಪಟ್ಟಿಯ ಚೂಪು ಅಂಚುಗಳು ಉರುಟಾಗಿವೆ. ಬುಡದಲ್ಲಿದ್ದ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮುದ್ರೆಗಳಲ್ಲಿ, ಕಿರೀಟದ ಕೆಳಗಿನ ಬಿಪಿ ಮತ್ತು ಬಿವಿ ಮಸುಕಾಗಿ, ಎನ್‌ಪಿ ಅರ್ಧ ಅಳಿಸಿದೆ. ಹೊಗೆರಹಿತ ಮದ್ದಿಗೆ ಈ ಕೋವಿ ಪರೀಕ್ಷೆಗೊಂಡಿದೆ ಎಂದು ಹೇಳುವುದು ಆ ಎನ್‌ಪಿ ಮುದ್ರೆಯೇ. ಕೋವಿಯ ಕ್ರಮಸಂಖ್ಯೆಯ ಕೊನೆಯ ಅಂಕಿ 3 ಅಥವಾ 8 ಎಂದು ಈಗ ಭೂತಗನ್ನಡಿ ಹಿಡಿದು ಹೇಳಬೇಕು. ಗುರುತಿನ ಸಂಖ್ಯೆ ಅಳಿಸುವುದನ್ನು ಅದೇ ಕಾಯ್ದೆಯ 8ನೇ ಸೆಕ್ಷನ್ ನಿಷೇಧಿಸುತ್ತದೆ. ಲೈಸೆನ್ಸ್ ಪಡೆದ ದುರಸ್ತಿಗಾರರಿಗೆ ಇದನ್ನು ನಾವು ಹೇಳಿಕೊಡಬೇಕಾಗಿ ಬಂದದ್ದು ಬೇಸರದ ಸಂಗತಿ. ದಯವಿಟ್ಟು ನೀವಾಗಿಯೇ ಅಂಕಿಯನ್ನು ಮತ್ತೆ ಕೊರೆಯಬೇಡಿ. ಅದು ಇನ್ನೊಂದು ತಪ್ಪಾಗುತ್ತದೆ. ಪರವಾನಗಿ ಅಧಿಕಾರಿಗೆ ತಿಳಿಸಿ, ಅವರ ಲಿಖಿತ ಆದೇಶದಂತೆ ನಡೆಯಬೇಕು.

ಕೋವಿಯ ಜೊತೆ ಕಳಿಸಿದ ಚೀಟಿಯಲ್ಲಿ ‘70 ಮಿ.ಮೀ. ತೋಟಾ ಹಾಕಬಹುದು, ಸರಿಯಾಗಿ ಕೂರುತ್ತದೆ’ ಎಂದಿದೆ. ಈ ಕೋವಿಯ ಚೇಂಬರ್ (ನಳಿಗೆಯ ಬುಡದಲ್ಲಿ ತೋಟಾ ಕೂರುವ ಕುಳಿ) ಎರಡೂವರೆ ಇಂಚು, ಅಂದರೆ 65 ಮಿ.ಮೀ. ತೋಟಾದ್ದು. ತೋಟಾ ಮೇಲೆ ಬರೆದ ಉದ್ದ ಹೊಡೆದ ನಂತರ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಬಾಯಿ ಮಡಚಿರುವಾಗ 70ರ ತೋಟಾ ಗಿಡ್ಡವಿದ್ದು ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಹೊಡೆದಾಗ ಅದರ ಬಾಯಿ ಚೇಂಬರಿನ ಮುಂದಿನ ಇಳಿಜಾರಿನಲ್ಲಿ ಬಿಚ್ಚಿ ದಾರಿ ಕಟ್ಟುತ್ತದೆ, ಒತ್ತಡ ಏರುತ್ತದೆ. ಹಳೆಯ ಕೋವಿಗೆ ಅದು ಅಪಾಯ. ಇದೇ ಚೀಟಿ ಬೇರೆ ಗ್ರಾಹಕರಿಗೂ ಹೋಗಿದ್ದರೆ ಇವತ್ತೇ ಅವರಿಗೆ ಫೋನ್ ಮಾಡಿ ತಿಳಿಸಿ. ನಮ್ಮ ದುಡ್ಡಿನ ಮಾತು ಆಮೇಲೆ.

ಪರಿಕರಗಳ ಸೆಟ್ಟನ್ನು ‘1920-30ರ ಕಾಲದ ಮೂಲ ಸೆಟ್’ ಎಂದು ಮಾರಿದ್ದೀರಿ. ಪೆಟ್ಟಿಗೆಯ ನಳಿಗೆಯ ಅಂಕಣ 30 ಇಂಚಿನದು. 25 ಇಂಚಿನ ನಳಿಗೆ ಅದರಲ್ಲಿ ಐದು ಇಂಚು ಹಿಂದೆ ಮುಂದೆ ಜಾರಿ ಬುಡದ ಕೊಕ್ಕೆ ಮರದ ತಡೆಗೆ ಬಡಿಯುತ್ತದೆ. ಒಳಗಿನ ಕೆಂಪು ಬಟ್ಟೆ ಹೊಸದು, ಅಂಟಿನ ವಾಸನೆ ಇನ್ನೂ ಹೋಗಿಲ್ಲ. ಮುಚ್ಚಳದ ಒಳಗಿನ ತಯಾರಕರ ಚೀಟಿಯನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರಗಳೆಲ್ಲ ನೀಲಿ, ಗುಲಾಬಿ, ಹಳದಿ ಚುಕ್ಕೆಗಳ ರಾಶಿ. ಅಚ್ಚುಮೊಳೆಯಲ್ಲಿ ಒತ್ತಿದ ಹಳೆಯ ಚೀಟಿಯಲ್ಲಿ ಅಕ್ಷರ ಕಾಗದದೊಳಕ್ಕೆ ತುಸು ಇಳಿದಿರುತ್ತದೆ, ಮಸಿ ಒಂದೇ ಬಣ್ಣದ್ದಿರುತ್ತದೆ. ಇದು ಕಂಪ್ಯೂಟರ್ ಪ್ರಿಂಟು, ಹಳತಾಗಿ ಕಾಣಲೆಂದು ಕಂದು ನೀರಿನಲ್ಲಿ ಅದ್ದಿದ್ದು.

ಎರಡು ಸ್ನ್ಯಾಪ್ ಕ್ಯಾಪ್‌ಗಳ (ಮದ್ದಿಲ್ಲದ ಹುಸಿ ತೋಟಾಗಳ) ಅಂಚಿನ ದಪ್ಪ 2.3 ಮಿ.ಮೀ., ಕೋವಿಯಲ್ಲಿ ಅಂಚು ಕೂರುವ ಗುಂಡಿಯ ಆಳ 1.8. ಹಾಕಿ ಮುಚ್ಚಿದರೆ ಅರ್ಧ ಮಿಲಿಮೀಟರ್ ಬಾಯಿ ಬಿಟ್ಟೇ ನಿಲ್ಲುತ್ತದೆ. ಬಲವಂತ ಮಾಡಿದರೆ ಕೀಲಿನ ಗೂಟ ಸವೆಯುತ್ತದೆ. ಶುಚಿಗೋಲು ಮೂರು ತುಂಡಿನದು, ಹಿತ್ತಾಳೆ ಕೀಲಿನದು, ನಿಜಕ್ಕೂ ಹಳೆಯದು, ಚೆನ್ನಾಗಿದೆ. ಅದನ್ನು ಉಳಿಸಿಕೊಂಡು ಬೆಲೆ ಕೊಡುತ್ತೇವೆ. ಎಣ್ಣೆ ಬಾಟಲಿ, ತಿರುಪುಳಿ ಎರಡೂ ಹೊಸವು.

ನಮ್ಮ ಬೇಡಿಕೆ ಇಷ್ಟು. ಈ ಪತ್ರ ತಲುಪಿದ ಏಳು ದಿನದೊಳಗೆ ‘ಮೂಲ 25 ಇಂಚಿನ ನಳಿಗೆ, ಕತ್ತರಿಸಿದ್ದಲ್ಲ’ ಎಂದು ತಿದ್ದಿದ ಬಿಲ್ಲು ಸಹಿ ಮುದ್ರೆಯೊಂದಿಗೆ ಬರಬೇಕು. ಕ್ರಮಸಂಖ್ಯೆ ಮಸುಕಾದದ್ದು ನಿಮ್ಮ ಕಾರ್ಯಾಗಾರದಲ್ಲಿ ಎಂಬ ಲಿಖಿತ ಹೇಳಿಕೆಯೂ ಅದರ ಜೊತೆಗಿರಬೇಕು. ನಳಿಗೆಯ ಎರಡೂ ಪಟ್ಟಿಗಳನ್ನು ಬಿಚ್ಚಿ, ಒಳಗಿನ ಕ್ಷಾರವನ್ನು ಪೂರ್ತಿ ತೊಳೆದು ಒಣಗಿಸಿ, ತುಕ್ಕು ತೆಗೆದು, ತವರ-ಸೀಸದ ಬೆಸುಗೆಯಿಂದಲೇ ಮತ್ತೆ ಕೂರಿಸಬೇಕು. ಬೆಸುಗೆಗೆ ರಾಳ ಬಳಸಿ, ಆಮ್ಲದ ಫ್ಲಕ್ಸ್ (ಬೆಸುಗೆ ಹಿಡಿಯಲು ಸವರುವ ವಸ್ತು) ಬೇಡ. ಅದೂ ಒಳಗೇ ಉಳಿದು ತುಕ್ಕು ಹಿಡಿಸುತ್ತದೆ. ಪಟ್ಟಿ ಕೂರಿಸುವ ಮುಂಚೆ ನಳಿಗೆಯ ಗೋಡೆಯ ದಪ್ಪ ಅಳೆದು ನಮಗೆ ಬರೆದು ಕೊಡಬೇಕು. ಎಲ್ಲಿಯಾದರೂ 0.020 ಇಂಚಿಗಿಂತ ಕಡಿಮೆ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ ತಿಳಿಸಿ. ಕೆಲಸ ಜಿಲ್ಲೆಯೊಳಗಿನ ನಿಮ್ಮ ಕಾರ್ಯಾಗಾರದಲ್ಲೇ ಆಗಬೇಕು, ಯಾಕೆಂದರೆ ವಿನಾಯಿತಿ ನಡೆಯುವುದು ಕೊಡಗಿನ ಗಡಿಯೊಳಗೆ ಮಾತ್ರ. ಇಂಥ ಬೆಸುಗೆ ಮಾಡಬಲ್ಲವರು ನಿಮ್ಮಲ್ಲಿ ಇಲ್ಲದಿದ್ದರೆ ಹಾಗೆಂದೇ ಹೇಳಿ, 26,000 ರೂಪಾಯಿ ಹಿಂತಿರುಗಿಸಿ. ಇನ್ನೊಂದು ಪ್ರಯೋಗ ಬೇಡ. ಶುಚಿಗೋಲಿನ ಬೆಲೆ 3,500 ಕಳೆದು ಪರಿಕರಗಳ 34,500 ರೂಪಾಯಿ ವಾಪಸ್ ಬರಬೇಕು. ಪೆಟ್ಟಿಗೆಯನ್ನು ನಿಮ್ಮ ಖರ್ಚಿನಲ್ಲೇ ಒಯ್ಯಿರಿ.

ಸೆಪ್ಟೆಂಬರ್ 3ಕ್ಕೆ ಕೈಲ್ ಪೊಳ್ದ್, ಕೊಡವರ ಆಯುಧಪೂಜೆಯ ಹಬ್ಬ. ಕೋವಿ ಅಂದು ತೋಕ್ ಪೂ (ಕೋವಿ ಹೂ) ಮುಡಿದು ಪೂಜೆಗೆ ಇರಲೇಬೇಕು, ಆದ್ದರಿಂದ ಹಬ್ಬ ಕಳೆದ ಮೇಲೆಯೇ ದುರಸ್ತಿಗೆ ಒಪ್ಪಿಸುತ್ತೇವೆ. ಪೂಜೆಯಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಈ ವರ್ಷ ಇದನ್ನು ಎತ್ತುವುದಿಲ್ಲ.

ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇವೆ. ಕೆಲಸದ ಚೀಟಿ, ಬಿಲ್ಲು, ಮೊದಲಿನ ಹಾಗೂ ಈಗಿನ ಫೋಟೋ, ಅಳತೆಗಳ ಪಟ್ಟಿ ಇದರೊಂದಿಗಿವೆ. ಬಿಳಿ ಪುಡಿಯ ಮಾದರಿಯನ್ನು ಮುಚ್ಚಿದ ಸೀಸೆಯಲ್ಲಿ ಇಟ್ಟುಕೊಂಡಿದ್ದೇವೆ, ನಿಮ್ಮವರು ಬಂದರೆ ಎದುರಿನಲ್ಲೇ ತೆರೆಯುತ್ತೇವೆ.

ಇಂತಿ,
ಒಕ್ಕದ ಪರವಾಗಿ
(ಸಹಿ)