ಎಲ್ಲರಿಗೂ ಎಲ್ಲವೂ ಗೊತ್ತಿರುವ ರಾಜ್ಯ

ಪ್ರೀತಿಯ ತಮ್ಮಾ,

ನಿನ್ನ ಹಸ್ತಪ್ರತಿ ತಲುಪಿತು. ಓದಿದೆ. ಜೊತೆಗಿದ್ದ ಕಾಗದವನ್ನೂ ಓದಿದೆ. ಸ್ಪರ್ಧೆಯಲ್ಲಿ ಕಾದಂಬರಿ ಮೊದಲ ಸುತ್ತೂ ದಾಟಲಿಲ್ಲ, ಇನ್ನು ಬರೆಯುವುದಿಲ್ಲ ಅಂದಿದ್ದೀಯ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಬರೆಯದೆ ಇರಲು ಆಗುತ್ತದೆ ಅಂದರೆ ಬಿಟ್ಟುಬಿಡು, ಯಾರೂ ಬೈಯುವುದಿಲ್ಲ. ಆದರೆ ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದ್ದೀಯಲ್ಲ, ಜಪಾನಿನ ಕಾದಂಬರಿಗಾರ್ತಿ ನಹೊಕೊ ಉಯೆಹಾಶಿಯಂಥವರು ಇರುವಾಗ ನಾವೆಲ್ಲ ಯಾಕೆ ಬರೆಯಬೇಕು ಅಂತ, ಅದು ನನ್ನನ್ನು ಕೆಣಕಿತು. ಆಕೆಯನ್ನು ನೀನು ಸರಿಯಾಗಿ ಓದಿಲ್ಲ.

ಅಧ್ಯಾಯ ಎಷ್ಟು ಉದ್ದ ಇರಬೇಕು, ಪ್ರಕಾಶಕರಿಗೆ ಹೇಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಬೇರೆ ಯಾರಾದರೂ ಹೇಳಿಕೊಡುತ್ತಾರೆ ಬಿಡು.

ನಿನ್ನ ಮೊದಲ ಅಧ್ಯಾಯ ಪೂರ್ತಿ ರಾಜ್ಯದ ಇತಿಹಾಸ. ಯಾವ ದೊರೆ ಯಾವ ರಾಕ್ಷಸನನ್ನು ಕೊಂದ, ಏಳು ಕುಲಗಳು ಹೇಗೆ ಹುಟ್ಟಿದವು, ಮಂತ್ರದ ಕಲ್ಲು ಎಲ್ಲಿ ಬಿತ್ತು. ನಕ್ಷೆಗಳನ್ನೂ ಬಿಡಿಸಿದ್ದೀಯ. ಹೊಳೆಗಳ ತಿರುವು ಸಹ ಬಿಟ್ಟಿಲ್ಲ. ಆದರೆ ಆ ಇತಿಹಾಸವನ್ನು ಹೇಳುತ್ತಿರುವವರು ಯಾರು ಮಾರಾಯ? ದೊರೆಗೂ ಅದೇ ಗೊತ್ತು, ಕುರಿ ಕಾಯುವವನಿಗೂ ಅದೇ ಗೊತ್ತು. ಸೋತ ಕುಲದವರೂ ಅದನ್ನೇ ಒಪ್ಪಿ ತಲೆಯಾಡಿಸುತ್ತಾರೆ. ಹೀಗೆ ಎಲ್ಲರೂ ಒಂದೇ ಕಥೆ ಹೇಳುವ ಊರು ಎಲ್ಲಾದರೂ ಇದೆಯಾ? ಒಂದು ಮನೆಯ ಆಸ್ತಿ ಜಗಳದಲ್ಲೇ ಅಣ್ಣನದು ಒಂದು ಕಥೆ, ತಮ್ಮನದು ಇನ್ನೊಂದು.

ಉಯೆಹಾಶಿಯವರ ‘ಮೊರಿಬಿಟೊ’ ಸರಣಿಯ ಮೊದಲ ಪುಸ್ತಕ ತೆಗೆದುಕೋ. ನೀನು ಅದರ ಮೇಲೆ ಮಾಡಿದ 2007ರ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ನೋಡಿ ಆ ಕಡೆ ಬಂದವನು. ನಿನಗೆ ಬಾಲ್ಸಾಳ ಈಟಿ ಮಾತ್ರ ಕಂಡಿದೆ. ಮೂವತ್ತು ವರ್ಷದ ಹೆಂಗಸು, ದುಡ್ಡು ಪಡೆದು ಇನ್ನೊಬ್ಬರ ಪ್ರಾಣ ಕಾಯುವವಳು. ಒಳ್ಳೆಯ ಪಾತ್ರವೇ. ಆದರೆ ಕಥೆ ನಿಂತಿರುವುದು ಈಟಿಯ ಮೇಲೆ ಅಲ್ಲ. ರಾಜಕುಮಾರ ಚಾಗುಮ್‌ನ ಮೈಯಲ್ಲಿ ಏನೋ ಸೇರಿಕೊಂಡಿದೆ. ರಾಜ್ಯ ಕಟ್ಟಿದ ಮೊದಲ ಮಿಕಾಡೊ, ಅಂದರೆ ಚಕ್ರವರ್ತಿ, ಜಲರಾಕ್ಷಸನನ್ನು ಕೊಂದ ಎಂಬುದು ಅರಮನೆಯ ಕಥೆ. ಈಗ ಅದೇ ರಾಕ್ಷಸ ಅವನ ವಂಶದ ಹುಡುಗನೊಳಗೆ ಇದೆ ಅಂತ ಜನರಿಗೆ ಗೊತ್ತಾದರೆ ಸಿಂಹಾಸನದ ಮರ್ಯಾದೆ ಹೋಗುತ್ತದೆ. ಹಾಗಾಗಿ ಹುಡುಗನನ್ನು ಸದ್ದಿಲ್ಲದೆ ಮುಗಿಸಲು ಅಪ್ಪನೇ ಹೊರಡುತ್ತಾನೆ. ಆ ನೆಲದಲ್ಲಿ ಮೊದಲಿನಿಂದ ಇದ್ದ ಯಾಕೂ ಜನರ ಕಥೆ ಬೇರೆ. ಅವರ ಪ್ರಕಾರ ಅದು ಮಳೆ ತರುವ ನೀರಿನ ದೇವತೆಯ ಮೊಟ್ಟೆ. ಅದು ಸತ್ತರೆ ಬರ.

ಹಾಗಾದರೆ ಯಾಕೂ ಜನರನ್ನು ಕೇಳಿದರೆ ಆಯಿತಲ್ಲ, ಸತ್ಯ ಸಿಕ್ಕಿತು ಅಂದುಕೊಳ್ಳಬೇಡ. ಆಕೆಯ ಜಾಣತನ ಇರುವುದೇ ಇಲ್ಲಿ. ಅವರಿಗೂ ಪೂರ್ತಿ ನೆನಪಿಲ್ಲ. ಆಮೇಲೆ ಬಂದು ಆ ರಾಜ್ಯ ಕಟ್ಟಿದ ಯೊಗೊ ಜನರ ಜೊತೆ ಬೆರೆತು ಎಷ್ಟೋ ಮರೆತಿದ್ದಾರೆ. ಒಂದು ಹಬ್ಬದ ಹಾಡು ಉಳಿದಿದೆ. ಊರ ಬಾಗಿಲಿಗೆ ಹಕ್ಕಿಯ ಮೂಳೆ ಕಟ್ಟುವ ರೂಢಿ ಉಳಿದಿದೆ. ಯಾಕೆ ಅಂತ ಕೇಳಿದರೆ ಹೇಳುವವರಿಲ್ಲ. ಇತ್ತ ಅರಮನೆಯ ಕಡೆ ಶುಗಾ ಎಂಬ ಯುವ ಪಂಡಿತ ಗುಟ್ಟಾಗಿಟ್ಟ ಹಳೆಯ ಬರಹವನ್ನು ಓದುತ್ತ ಹೋದಂತೆ ಅರಮನೆಯ ಕಥೆಯೇ ಅಲುಗಾಡತೊಡಗುತ್ತದೆ. ಒಬ್ಬರ ಬಳಿ ಬರಹ, ಇನ್ನೊಬ್ಬರ ಬಳಿ ಹಾಡು. ಅವರಿಬ್ಬರೂ ಶತ್ರುಪಾಳೆಯಗಳಲ್ಲಿದ್ದಾರೆ. ಓಡಾಟ, ಬಡಿದಾಟ, ಹುಡುಗನ ಭಯ ಎಲ್ಲವೂ ಹುಟ್ಟುವುದು ಅಲ್ಲಿಂದ. ಉಯೆಹಾಶಿ ಎಲ್ಲೂ ನಿನ್ನ ಹಾಗೆ ಪೀಠ ಹಾಕಿಕೊಂಡು ಕುಳಿತು ಇತಿಹಾಸ ಹೇಳುವುದಿಲ್ಲ.

ಬೇರೆ ಪುಸ್ತಕಗಳಲ್ಲೂ ಇದೇ ಹಟ. 2014ರ ‘ಜಿಂಕೆ ರಾಜ’ದಲ್ಲಿ ಒಂದು ಹಳೆಯ ರೋಗ ಮತ್ತೆ ಬರುತ್ತದೆ. ಸೋತ ಜನರಿಗೆ ಅದು ಗೆದ್ದವರ ಮೇಲೆ ದೇವರು ಕಳಿಸಿದ ಶಾಪ. ವೈದ್ಯನಿಗೆ ಅದು ರೋಗ, ಅಷ್ಟೇ. 2006ರಲ್ಲಿ ಶುರುವಾದ ಎಲಿನ್‌ಳ ಕಥೆಯಲ್ಲಂತೂ ತಾಯಿ ತನ್ನ ಕುಲ ಮುಚ್ಚಿಟ್ಟ ವಿದ್ಯೆಯನ್ನು ಮಗಳನ್ನು ಉಳಿಸಲು ಒಂದೇ ಒಂದು ಸಲ ಬಳಸುತ್ತಾಳೆ, ಕಾರಣ ಹೇಳದೆ ಸಾಯುತ್ತಾಳೆ. ಮಗಳು ದೊಡ್ಡವಳಾಗಿ ಮೃಗಗಳ ಜೊತೆ ಮಾತಾಡುವ ದಾರಿಯನ್ನು ತಾನೇ ಕಂಡುಕೊಳ್ಳುತ್ತಾಳೆ. ಅದನ್ನು ಯಾಕೆ ಮುಚ್ಚಿಟ್ಟಿದ್ದರು ಅಂತ ಅವಳಿಗೆ ಗೊತ್ತಿಲ್ಲ, ಓದುವ ನಮಗೂ ಗೊತ್ತಿಲ್ಲ. ಪುಟ ತಿರುಗಿಸದೆ ಇರಲು ಆಗುತ್ತದಾ ಹೇಳು.

ಇದನ್ನು ನೀನು ‘ಪ್ರತಿಭೆ’ ಅಂತ ಬರೆದು ಕೈ ತೊಳೆದುಕೊಂಡಿದ್ದೀಯ. ನನಗೆ ಸಿಟ್ಟು ಬಂದದ್ದು ಆ ಒಂದು ಪದಕ್ಕೆ. 1962ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಹುಡುಗಿ, ಅಜ್ಜಿಯ ಬಾಯಲ್ಲಿ ಕಥೆ ಕೇಳಿ ಬೆಳೆದವಳು. ಆಮೇಲೆ ರಿಕ್ಕ್ಯೊ ವಿಶ್ವವಿದ್ಯಾಲಯದಲ್ಲಿ ಸಾಂಸ್ಕೃತಿಕ ಮಾನವಶಾಸ್ತ್ರ ಓದಿದರು. 1989ರಲ್ಲಿ ಮೊದಲ ಕಾದಂಬರಿ ಬಂತು, 1996ರಲ್ಲಿ ‘ಮೊರಿಬಿಟೊ’. ಈ ಎರಡರ ನಡುವೆ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋಗಿ ಯಮಾಜಿ ಮೂಲನಿವಾಸಿಗಳ ಜೊತೆ ಕೆಲಸ ಮಾಡಿದ್ದರು. 2000ದಲ್ಲಿ ಅದರ ಬಗ್ಗೆ ಒಂದು ಪುಸ್ತಕವನ್ನೂ ಬರೆದರು. ಅದು ಮರುಭೂಮಿಯಲ್ಲಿ ಬೂಮರಾಂಗ್ ಹಿಡಿದು ನಿಂತವರ ಕಥೆ ಅಲ್ಲ. ಸಣ್ಣ ಪಟ್ಟಣಗಳಲ್ಲಿ, ಬಿಳಿಯರ ಅಕ್ಕಪಕ್ಕದಲ್ಲೇ ಬದುಕುತ್ತಿರುವವರ ಕಥೆ. ನೆಲ ಹೋಗಿ, ಭಾಷೆ ಸವೆದು, ಹಳೆಯದು ಒಂದಿಷ್ಟು ಉಳಿದು, ಒಂದಿಷ್ಟು ಕಳೆದುಹೋದವರನ್ನು ಹತ್ತಿರದಿಂದ ಕಂಡವರಿಗೆ ಯಾಕೂ ಜನರನ್ನು ಬರೆಯಲು ಬರುತ್ತದೆ. ಆ ಪುಸ್ತಕಕ್ಕೂ ಈ ಕಾದಂಬರಿಗೂ ಇರುವ ನಂಟು ನನಗಂತೂ ಸ್ಪಷ್ಟ. ಆಕೆ ಕಾದಂಬರಿಗಾರ್ತಿಯಾಗಿ ಹೆಸರು ಮಾಡಿದ ಮೇಲೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು.

(ಊಟದ ವಿಷಯ ಬೇರೆ ಇದೆ. ಆಕೆಯ ಕಾದಂಬರಿಗಳಲ್ಲಿ ಬರುವ ಅಡುಗೆಗಳನ್ನೇ ಮಾಡಿ ತೋರಿಸುವ ಒಂದು ಪುಸ್ತಕ 2009ರಲ್ಲಿ ಬಂದಿದೆ. ನಿನ್ನ ಏಳು ಕುಲಗಳಲ್ಲಿ ಒಬ್ಬರಿಗೂ ಹೊಟ್ಟೆ ಹಸಿಯುವುದಿಲ್ಲ. ಇರಲಿ.)

ಇನ್ನೊಂದು ಹಳೆಯ ಸಂಕಟ ಹೇಳಿಬಿಡುತ್ತೇನೆ, ನಿನಗೂ ಉಪಯೋಗಕ್ಕೆ ಬಂದೀತು. ಚಿಕ್ಕ ವಯಸ್ಸಿನಲ್ಲಿ ನಾನೂ ಇಲ್ಲದ ಊರೊಂದರ ಕಥೆ ಬರೆದು ಒಂದು ಪತ್ರಿಕೆಗೆ ಕೊಟ್ಟಿದ್ದೆ. ಸಂಪಾದಕರು ನಾಲ್ಕು ಪುಟ ಮಗುಚಿ, ‘ಇದನ್ನು ಮಕ್ಕಳ ಪುಟಕ್ಕೆ ಕೊಡಿ’ ಅಂದರು. ಕೋಣೆಯಲ್ಲಿದ್ದವರು ನಕ್ಕರು. ಆ ನಗು ಇವತ್ತಿಗೂ ಕಿವಿಯಲ್ಲಿದೆ, ಮರೆಯುವ ಉದ್ದೇಶವೂ ನನಗಿಲ್ಲ. ‘ಮೊರಿಬಿಟೊ’ ಮೊದಲು ಬಂದದ್ದು ಮಕ್ಕಳ ಪುಸ್ತಕ ಹಾಕುವ ಪ್ರಕಾಶನದಿಂದ ಅಂತ ತಿಳಿದಾಗ ನನಗಾದ ಖುಷಿ ನಿನಗೆ ಅರ್ಥವಾಗಲಿಕ್ಕಿಲ್ಲ. ಮಕ್ಕಳ ಪುಸ್ತಕದ ನಾಯಕಿ ಮೂವತ್ತರ ಹೆಂಗಸು! ಆಮೇಲೆ ಅದೇ ಪುಸ್ತಕ ದೊಡ್ಡವರಿಗಾಗಿ ಅಗ್ಗದ ಆವೃತ್ತಿಯಲ್ಲೂ ಬಂತು. 2014ರಲ್ಲಿ ಮಕ್ಕಳ ಸಾಹಿತ್ಯಕ್ಕೆ ಕೊಡುವ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಆಕೆಗೆ ಸಿಕ್ಕಿತು. ಮರುವರ್ಷವೇ ‘ಜಿಂಕೆ ರಾಜ’ಕ್ಕೆ ಜಪಾನಿನ ಪುಸ್ತಕದಂಗಡಿಗಳ ಕೆಲಸಗಾರರು ಮತ ಹಾಕಿ ಆರಿಸುವ ಬಹುಮಾನ ಬಂತು. ಮಕ್ಕಳ ಪುಟವೋ ದೊಡ್ಡವರ ಪುಟವೋ ಅಂತ ನೀನೂ ತಲೆ ಕೆಡಿಸಿಕೊಳ್ಳಬೇಡ. ಸ್ಪರ್ಧೆಯವರು ನಿನ್ನ ಕಥೆಯನ್ನು ಓದದೆಯೇ ಪಕ್ಕಕ್ಕಿಟ್ಟಿರುವ ಸಾಧ್ಯತೆಯೂ ಇದೆ. ಓದಿ ಪಕ್ಕಕ್ಕಿಟ್ಟಿದ್ದರೆ ಕಾರಣ ಮೇಲೆ ಹೇಳಿದ್ದೇನೆ.

ನಿನ್ನ ಮೂರನೇ ಅಧ್ಯಾಯದಲ್ಲಿ ಒಬ್ಬಳು ದೋಣಿ ನಡೆಸುವ ಮುದುಕಿ ಬರುತ್ತಾಳೆ. ಅರ್ಧ ಪುಟ, ಅಷ್ಟೇ. ನಾಯಕನನ್ನು ಆಚೆ ದಡಕ್ಕೆ ಬಿಟ್ಟು, ದುಡ್ಡು ತೆಗೆದುಕೊಳ್ಳದೆ, ‘ನಿಮ್ಮ ದೊರೆ ದಾಟಿದ್ದು ಈ ಕಡೆಯಿಂದ ಅಲ್ಲ’ ಅಂದು ಹೋಗಿಬಿಡುತ್ತಾಳೆ. ಇಡೀ ಹಸ್ತಪ್ರತಿಯಲ್ಲಿ ನಾನು ಪೆನ್ಸಿಲ್ ಕೆಳಗಿಟ್ಟು ಓದಿದ್ದು ಆ ಅರ್ಧ ಪುಟ. ಅವಳು ಸೋತ ಕುಲದವಳಾ? ದೊರೆಯ ಬಗ್ಗೆ ಅವಳಿಗೆ ಏನು ಗೊತ್ತು? ಅವಳಿಗೆ ತಪ್ಪಾಗಿ ಗೊತ್ತಿರುವುದು ಏನು? ಅವಳ ಮೊಮ್ಮಕ್ಕಳಿಗೆ ಆ ಕಥೆ ಬೇಕಾ, ಬೇಡವಾ? ನೀನು ಸುಮ್ನೆ ಬರೆದುಬಿಟ್ಟೆಯೋ, ಗೊತ್ತಿದ್ದೇ ಬರೆದೆಯೋ ನನಗೆ ತಿಳಿಯಬೇಕು.

ಮೊದಲ ಅಧ್ಯಾಯ ಪಕ್ಕಕ್ಕಿಡು. ಮುದುಕಿಯ ಬಗ್ಗೆ ಹತ್ತು ಪುಟ ಬರೆದು ದಸರಾ ಒಳಗೆ ಕಳಿಸು. ಕೈಬರಹ ಸ್ವಲ್ಪ ದೊಡ್ಡದಾಗಿರಲಿ, ನನ್ನ ಕಣ್ಣು ಮೊದಲಿನಂತಿಲ್ಲ.

ನಿನ್ನ,
ಹಿರಿಯ ಗೆಳೆಯ