ಪೆನ್‌ಡ್ರೈವ್ ಸಾಕು, ಡಬ್ಬಿಯೊಳಗೆ ಕೈ ಹಾಕಿಸಬೇಡಿ

ಮಾನ್ಯರೇ,

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕ ಇದೆ. ಹುಡುಗನಾಗಿದ್ದಾಗ ಗಂಟೆಗೆ ಹತ್ತು ರೂಪಾಯಿ ಕೊಟ್ಟು ಸೋನಿ ಕಂಪನಿಯ ಟಿವಿ ಗೇಮ್ ಪ್ಲೇಸ್ಟೇಷನ್ ಆಡಿದವನು ನಾನು. ಟೆಕ್ಕನ್ 3 ಎಂಬ ಹೊಡೆದಾಟದ ಆಟದಲ್ಲಿ ಸೋತವನು ರಿಮೋಟ್ ಬಿಟ್ಟು ಏಳಬೇಕಿತ್ತು. ನಾನು ಏಳುತ್ತಿದ್ದದ್ದೇ ಜಾಸ್ತಿ.

ದುಬೈನಲ್ಲಿರುವ ನಮ್ಮ ಭಾವ ಊರಿಗೆ ಬರುವಾಗ ಪ್ಲೇಸ್ಟೇಷನ್ ಕ್ಲಾಸಿಕ್ ಎಂಬ, ಆ ಹಳೇ ಪ್ಲೇಸ್ಟೇಷನ್ನಿನದೇ ರೂಪದ ಪುಟ್ಟ ಡಬ್ಬಿ ಎರಡು ತಂದರು. ಒಂದು ನನಗೆ, ಇನ್ನೊಂದು ಹೊಸಪೇಟೆಯಲ್ಲಿರುವ ತಮ್ಮನಿಗೆ. ಇದು 2018ರ ಡಿಸೆಂಬರ್ 3ರಂದು ಮಾರುಕಟ್ಟೆಗೆ ಬಂದದ್ದು. ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಬಂದದ್ದೂ ಡಿಸೆಂಬರ್ 3ಕ್ಕೇ, 1994ರಲ್ಲಿ. 20 ಆಟ ಒಳಗೇ ಇವೆ. ಡಿಸ್ಕಿನ ಮುಚ್ಚಳ ಬರೀ ಶೋಕಿಗೆ, ತೆಗೆಯಲು ಬರಲ್ಲ. ಟೆಕ್ಕನ್ 3 ಏನೋ ಇತ್ತು, ಆದರೆ ಕೈಗೆ ಜಡ ಅನಿಸಿತು. ಅದು ಯುರೋಪಿನ ಪ್ರತಿ, 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ) ಬದಲು 50ರಲ್ಲಿ ಓಡುತ್ತದೆ ಅಂತ ಆಮೇಲೆ ತಿಳಿಯಿತು. ಕಾರ್ ರೇಸಿನ ಆಟ ಗ್ರ್ಯಾನ್ ಟುರಿಸ್ಮೊ ಇರಲೇ ಇಲ್ಲ. ಅದರ ಅಸಲಿ ಡಿಸ್ಕ್ ನನ್ನ ಹತ್ತಿರ ಇನ್ನೂ ಇದೆ.

ಆ ಆಟ ಹಾಕಿಸೋಣ ಅಂತ ಡಬ್ಬಿಯನ್ನು ಒಂದು ಅಂಗಡಿಗೆ ಒಯ್ದೆ. ಹೆಸರು ಬೇಡ. ‘ಒಳಗಿನ ಮೆಮೊರಿಗೇ ಸಾಫ್ಟ್‌ವೇರ್ ಬರೀಬೇಕು, ಸಾವಿರಾರು ಆಟ ಬರ್ತವೆ’ ಅಂದರು. 1,800 ರೂಪಾಯಿ ತೆಗೆದುಕೊಂಡರು. ಮೂರು ದಿನ ಬಿಟ್ಟು ಹೋದರೆ ಕಿತ್ತಳೆ ದೀಪ ಮಾತ್ರ ಉರಿಯುತ್ತಿದೆ, ಟಿವಿಯಲ್ಲಿ ಏನೂ ಇಲ್ಲ. ‘ಬರೆಯೋ ಮಧ್ಯದಾಗ ಕರೆಂಟ್ ಹೋತು ಸಾರ್, ನಾವೇನ್ ಮಾಡಾಣ?’ ಬಳ್ಳಾರಿ ಬೇಸಿಗೆಯಲ್ಲಿ ಯುಪಿಎಸ್ ಇಲ್ಲದೆ ಇಂಥ ಕೆಲಸಕ್ಕೆ ಕೂತವರಿಗೆ ಏನು ಹೇಳುವುದು?

ಹೊಸಪೇಟೆಯ ಡಬ್ಬಿಯನ್ನು ನಾವೇ ಮನೆಯಲ್ಲಿ ಮಾಡಿದೆವು. ಪೆನ್‌ಡ್ರೈವಿನಿಂದಲೇ ಬೇರೆ ಆಟ ಓಡಿಸುವ ಆಟೋಬ್ಲೀಮ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಪೆನ್‌ಡ್ರೈವನ್ನು ಕಂಪ್ಯೂಟರಿನಲ್ಲಿ ಫ್ಯಾಟ್32 ಎಂಬ ಮಾದರಿಗೆ ಫಾರ್ಮ್ಯಾಟ್ ಮಾಡಿ, ಅದಕ್ಕೆ ‘ಸೋನಿ’ ಅಂತ ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಹೆಸರಿಡಬೇಕು. ಆಟೋಬ್ಲೀಮ್ ಫೈಲುಗಳನ್ನು ಅದಕ್ಕೆ ಕಾಪಿ ಮಾಡಿ, ಎರಡನೇ ರಿಮೋಟಿನ ಜಾಗಕ್ಕೆ ಸಿಕ್ಕಿಸಿ ಆನ್ ಮಾಡಿದರೆ ಆಯಿತು. ನನ್ನ ಡಿಸ್ಕನ್ನು ತಮ್ಮನ ಹಳೇ ಕಂಪ್ಯೂಟರಿನಲ್ಲಿ ಫೈಲು ಮಾಡಿ ಗೇಮ್ಸ್ ಫೋಲ್ಡರಿಗೆ ಹಾಕಿದೆವು. ಮೊದಲ ಪೆನ್‌ಡ್ರೈವ್ ಒಪ್ಪಲಿಲ್ಲ. ಆ ಪೋರ್ಟಿನಲ್ಲಿ ಕರೆಂಟ್ ಕಮ್ಮಿ, ಜಾಸ್ತಿ ಎಳೆಯುವ ಪೆನ್‌ಡ್ರೈವ್ ನಡೆಯಲ್ಲ. ಎರಡನೆಯದು ನಡೆಯಿತು. ಪೆನ್‌ಡ್ರೈವ್ ಕಿತ್ತರೆ ಡಬ್ಬಿ ಮೊದಲಿನಂತೆಯೇ, ಅದೇ 20 ಆಟ. ಒಳಗಿನ ಮೆಮೊರಿ ಮುಟ್ಟುವ ಗೊಡವೆಯೇ ಇಲ್ಲ.

ಅಂದಮೇಲೆ 1,800 ಯಾವುದಕ್ಕೆ? ಸೋನಿಯವರು ಒಳಗೆ ಹಾಕಿರುವ ಎಮ್ಯುಲೇಟರ್, ಅಂದರೆ ಹಳೇ ಆಟಗಳನ್ನು ಈ ಡಬ್ಬಿಯಲ್ಲಿ ಓಡಿಸುವ ಸಾಫ್ಟ್‌ವೇರ್ ಕೂಡ ಅವರದಲ್ಲ. ಪಿಸಿಎಸ್ಎಕ್ಸ್ ರೀಆರ್ಮ್ಡ್ ಅಂತ, ಆಸಕ್ತರು ಸೇರಿ ಬರೆದು ಎಲ್ಲರಿಗೂ ಬಿಟ್ಟದ್ದು. ಇನ್ನು ಅಂಗಡಿಯವರು ಹಾಕಿಕೊಡುವ ಸಾವಿರಾರು ಆಟಗಳು ಪುಕ್ಕಟೆ ಮಾಲಲ್ಲ, ಕದ್ದದ್ದು. ಅದಕ್ಕೂ ನಮ್ಮಿಂದ ದುಡ್ಡು.

ಕೂಲಿ ಕೇಳಲಿ, ತಪ್ಪಲ್ಲ. ನಾನೂ ಹೊಲಿಗೆಗೆ ಕೂಲಿ ತಗೊಳ್ಳುವವನೇ. ಆದರೆ ಬಟ್ಟೆ ಕತ್ತರಿಸುವ ಮುಂಚೆ ಗಿರಾಕಿಯನ್ನು ಕೇಳುತ್ತೇನೆ. ಒಳಗಿನ ಮೆಮೊರಿ ಮುಟ್ಟುತ್ತೇವೋ ಇಲ್ಲವೋ, ಕೆಟ್ಟರೆ ಯಾರ ತಲೆಗೆ ಅನ್ನುವುದನ್ನು ರಿಪೇರಿಯವರು ಮೊದಲೇ ರಸೀದಿಯಲ್ಲಿ ಬರೆದುಕೊಡಲಿ. ಓದುಗರೂ ಕೇಳಿ ಬರೆಸಿಕೊಳ್ಳಿ.

ನನ್ನ ಡಬ್ಬಿಯನ್ನು ಈಗ ಪ್ಯಾಟರ್ನ್ ಕಾಗದದ ಮೇಲೆ ಭಾರಕ್ಕೆ ಇಟ್ಟಿದ್ದೇನೆ. ಇರುವುದೇ 170 ಗ್ರಾಂ. ಫ್ಯಾನ್ ಜೋರು ಮಾಡಿದರೆ ಅದಕ್ಕೂ ಆಗಲ್ಲ.

— ಒಬ್ಬ ಓದುಗ, ಕೌಲ್ ಬಜಾರ್, ಬಳ್ಳಾರಿ