ಕಾರಿನ ವಯಸ್ಸು ಬಿಡಿ, ಬಗ್ಗಿ ತಳ ನೋಡಿ

ಮಾನ್ಯ ಸಂಪಾದಕರೇ,

ಹದಿನೈದು ವರ್ಷ ದಾಟಿದ ಕಾರುಗಳನ್ನು ದೆಹಲಿಯಲ್ಲಿ ಮಾಡಿದ ಹಾಗೆ ನಮ್ಮಲ್ಲೂ ರಸ್ತೆಯಿಂದ ಎಬ್ಬಿಸಬೇಕು ಎಂದು ಓದುಗರೊಬ್ಬರು ಕಳೆದ ವಾರ ಈ ಅಂಕಣದಲ್ಲಿ ಬರೆದಿದ್ದರು. ಹಳೇ ಕಾರು ಓಡಿಸುವವರಿಗೆ ಒಂದೋ ಜಿಪುಣತನ, ಇಲ್ಲಾ ಹಳೇ ಸಾಮಾನಿನ ಹುಚ್ಚು ಎಂಬ ಮಾತೂ ಅದರಲ್ಲಿತ್ತು. ಓದಿ ನಗು ಬಂತು. ನಾನು ಕುಮಟಾ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಮನೆ ಬಾಡದಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ನನ್ನದು 2004ರ ಮಾರುತಿ 800. ಬೆಳಿಗ್ಗೆ ಅಂಗಡಿಗೆ, ರಾತ್ರಿ ಮನೆಗೆ. ಬಟ್ಟೆ ಗಂಟು, ಫಾಲ್ ಹಚ್ಚಿದ ಸೀರೆಗಳ ಚೀಲ, ರಿಪೇರಿಗೆ ಹೊರಟ ಹೊಲಿಗೆ ಮಿಷಿನ್ನು ಎಲ್ಲ ಅದರಲ್ಲೇ. ಮದುವೆ ಸೀಸನ್ನಿನಲ್ಲಿ ಬ್ಲೌಸ್ ಮುಗಿಸಿ ಶಟರ್ ಎಳೆಯುವಷ್ಟರಲ್ಲಿ ಕೊನೇ ಬಸ್ಸು ಹೋಗಿರುತ್ತದೆ. ಆಮೇಲೆ ಮನೆ ಮುಟ್ಟಿಸುವುದು ಈ ಕಾರೇ. ಇದರಲ್ಲಿ ಹುಚ್ಚು ಎಲ್ಲಿಂದ ಬಂತು?

ದೆಹಲಿಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಅಲ್ಲಿ ಡೀಸೆಲ್ ಗಾಡಿಗೆ 10 ವರ್ಷ, ಪೆಟ್ರೋಲ್ ಗಾಡಿಗೆ 15 ವರ್ಷ ಎಂಬ ಮಿತಿ ಬಂದದ್ದು ಹೊಗೆಯಿಂದ ಉಸಿರಾಡುವುದೇ ಕಷ್ಟವಾದ ಕಾರಣಕ್ಕೆ. 2025ರ ಜುಲೈ 1ರಿಂದ ಅಂಥ ಗಾಡಿಗಳಿಗೆ ಬಂಕಿನಲ್ಲಿ ಎಣ್ಣೆಯನ್ನೇ ಹಾಕಬಾರದು ಎಂದರು. ಹತ್ತು ದಿನ ಕಳೆಯುವುದರೊಳಗೆ ಅದನ್ನೂ ಮುಂದಕ್ಕೆ ಹಾಕಿದರು. ನಮ್ಮ ಕರಾವಳಿಯಲ್ಲಿ ಗಾಳಿಗೇನೂ ಬರಗಾಲವಿಲ್ಲ. ಹಾಗಂತ ಹೊಗೆ ಬಿಟ್ಟುಕೊಂಡು ತಿರುಗುತ್ತೇವೆ ಎಂದೂ ಅಲ್ಲ. ಹೊಸ ಗಾಡಿಗಳಿಗೆ ಹೊಗೆ ತಪಾಸಣೆ ವರ್ಷಕ್ಕೊಮ್ಮೆ ಸಾಕು, ನಮ್ಮಂಥ ಹಳೇ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ. ಮಾಡಿಸುತ್ತಿದ್ದೇನೆ, ಪಾಸಾಗುತ್ತಿದೆ.

ನನ್ನ ತಕರಾರು ಬೇರೆ. ಕಾರಿನ ಯೋಗ್ಯತೆಯನ್ನು ಅದು ಹುಟ್ಟಿದ ಇಸವಿ ನೋಡಿ ಅಳೆಯುವುದೇ ತಪ್ಪು. ಇದಕ್ಕೆ ಸಾಕ್ಷಿ ನಮ್ಮ ಮನೆತನದಲ್ಲೇ ಇದೆ.

ಅಕ್ಕನನ್ನು ಕೊಟ್ಟಿದ್ದು ಶಿರಸಿಗೆ. ಭಾವನ ಹತ್ತಿರವೂ 2004ರದ್ದೇ 800 ಇದೆ. ನನ್ನ ಕಾರೂ ಅಲ್ಲಿಯದೇ. ಭಾವನ ಪರಿಚಯದ ನಿವೃತ್ತ ಮಾಸ್ತರೊಬ್ಬರಿಂದ ತಗೊಂಡಿದ್ದು, ನಂಬರು ಇವತ್ತಿಗೂ ಕೆಎ 31. ಬಣ್ಣವೂ ಹೆಚ್ಚು ಕಮ್ಮಿ ಒಂದೇ. ದೇವಿಮನೆ ಘಟ್ಟ ಇಳಿದು ಬಂದಾಗ ಅದರ ಮೈಮೇಲೆ ತುಕ್ಕಿನ ಚುಕ್ಕೆ ಇರಲಿಲ್ಲ. ಎರಡು ಮಳೆಗಾಲ ನಮ್ಮ ಅಂಗಳದಲ್ಲಿ ನಿಂತಿದ್ದೇ ತಡ, ಬಾಗಿಲಿನ ಕೆಳ ಅಂಚಿನಲ್ಲಿ ಪೇಂಟು ಗುಳ್ಳೆ ಎದ್ದಿತು. ಭಾವನ ಕಾರು ಮಾತ್ರ ಈಗಲೂ ಮದುವೆಗೆ ಹೊರಟ ಹಾಗಿದೆ. ಶಿರಸಿಯಲ್ಲೂ ಮಳೆ ಹೊಡೆಯುತ್ತೆ, ಆದರೆ ಅದು ಬರೀ ನೀರು. ಇಲ್ಲಿ ಗಾಳಿಯಲ್ಲೇ ಉಪ್ಪು. ಉಪ್ಪು ತೇವ ಹಿಡಿದಿಟ್ಟುಕೊಳ್ಳುತ್ತದೆ, ತಗಡು ಒಣಗುವುದೇ ಇಲ್ಲ. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲೆಂದು ಸಣ್ಣ ತೂತುಗಳಿರುತ್ತವೆ. ಗಾಳಿಮರದ ಕಸ, ಹೊಯಿಗೆ ಸೇರಿ ಅವು ಕಟ್ಟಿಕೊಂಡರೆ ಮುಗಿಯಿತು, ಬಾಗಿಲೊಳಗೇ ನೀರು ನಿಲ್ಲುತ್ತದೆ. ಈಗ ಜೂನ್ ಶುರುವಾಗುವ ಮೊದಲು ಹಿಡಿಕಡ್ಡಿ ಹಾಕಿ ನಾನೇ ಆ ತೂತುಗಳನ್ನು ಬಿಡಿಸುತ್ತೇನೆ.

ತಳದ ಕತೆ ಇನ್ನೂ ಜೋರು. ಒಂದು ಮಳೆಗಾಲದಲ್ಲಿ ಚಾಲಕರ ಸೀಟಿನ ಮುಂದಿನ ಮ್ಯಾಟು ಎಷ್ಟು ಒಣಗಿಸಿದರೂ ಒದ್ದೆ. ಗ್ಯಾರೇಜಿಗೆ ಒಯ್ದೆ. ನಮ್ಮ ಮೆಕ್ಯಾನಿಕ್ ಮಾತಿನಲ್ಲಿ ಜಿಪುಣ. ಮ್ಯಾಟು ತೆಗೆದ, ಅದರಡಿಯ ಕಪ್ಪು ಹೊದಿಕೆಯನ್ನೂ ಸುಲಿದ, ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಬಡಿಯುತ್ತಾ ಹೋದ. ಟಣ್, ಟಣ್, ಟಣ್. ಕ್ಲಚ್ಚಿನ ಕೆಳಗೆ ಬಂದಾಗ ದಬ್ ಎಂದಿತು. ಸ್ಕ್ರೂಡ್ರೈವರ್ ತಿರುಗಿಸಿ ತುದಿಯನ್ನು ಒತ್ತಿದ. ಒಳಗೆ ಹೋಗಿಬಿಟ್ಟಿತು. ಹೊರಗೆ ಎಳೆದಾಗ ಕಂದು ಪದರಗಳು ಉದುರಿದವು, ತೂತಿನಲ್ಲಿ ಗ್ಯಾರೇಜಿನ ನೆಲ ಕಂಡಿತು. ಮೇಲಿನಿಂದ ನೋಡಿದರೆ ಪೇಂಟು ಹಾಗೇ ಇತ್ತು! ಕೊಳೆತ ತಗಡನ್ನು ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ರೆಡ್ ಆಕ್ಸೈಡ್ ಬಳಿದು, ಕೆಳಗಿನಿಂದ ಡಾಂಬರಿನಂಥ ಕೋಟಿಂಗ್ ಹೊಡೆದುಕೊಟ್ಟ. ಟಿಂಕರಿಂಗ್ ಖರ್ಚು ನನಗೆ ಚಿಕ್ಕದೇನೂ ಆಗಿರಲಿಲ್ಲ.

ಇಷ್ಟಾದ ಮೇಲೆ ಆರ್‌ಸಿ ನವೀಕರಣಕ್ಕೆ ಹೋದೆ. ಯಾವ ಕಚೇರಿ ಎಂದು ಹೇಳುವುದಿಲ್ಲ, ಎಲ್ಲ ಕಡೆ ಹೀಗೇ ಎಂದು ಬೇರೆಯವರೂ ಹೇಳುತ್ತಾರೆ. ಫಾರಂ 25 ತುಂಬಿದ್ದಾಯಿತು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದ್ದಾಯಿತು. ಹಾರ್ನ್ ಹೊಡೆಯಿರಿ ಎಂದರು, ಹೊಡೆದೆ. ಲೈಟು, ಇಂಡಿಕೇಟರ್. ಮುಗಿಯಿತು. ಅಷ್ಟು ಖರ್ಚು ಮಾಡಿ ತಳ ಸರಿ ಮಾಡಿಸಿದ್ದೆನಲ್ಲ, ಒಬ್ಬರಾದರೂ ಬಗ್ಗಿ ನೋಡಲಿ ಎಂಬ ಆಸೆ ನನಗೆ. ಯಾರೂ ಬಗ್ಗಲಿಲ್ಲ. ಮಾಡಿಸದೇ ಹೋಗಿದ್ದರೂ ಪಾಸಾಗುತ್ತಿತ್ತು ಎಂದಾಯಿತಲ್ವಾ? ನಮ್ಮ ಕಸುಬಿನಲ್ಲಿ ಹೊಲಿಗೆ ಸರಿಯಿದೆಯೋ ಇಲ್ಲವೋ ಎಂದು ನೋಡಲು ಬಟ್ಟೆಯ ಒಳಮಗ್ಗುಲು ತಿರುಗಿಸುತ್ತೇವೆ. ಕಾರಿಗೂ ಅಷ್ಟೇ.

2024ರ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ರಾತ್ರಿ ಹೊತ್ತಿನಲ್ಲಿ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕ ಬದುಕಿದ್ದೇ ಪುಣ್ಯ. ಅದನ್ನು ಕಂಡ ಜಿಲ್ಲೆಯವರು ‘ಕೆಳಗೆ ನೋಡಿದ್ದೀರಾ’ ಎಂದು ಕೇಳಿದರೆ ಅದನ್ನು ಅಧಿಕಪ್ರಸಂಗ ಎನ್ನಬಾರದು.

ಈಗ ಶುಲ್ಕ. ಖಾಸಗಿ ಕಾರಿನ ಆರ್‌ಸಿಗೆ ಮೊದಲ 15 ವರ್ಷ ಚಿಂತೆಯಿಲ್ಲ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2019ರಲ್ಲಿ ನಾನು ಮಾಡಿಸಿದಾಗ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು, 2024ರಲ್ಲಿ ಅಷ್ಟೂ ಕಟ್ಟಿದೆ. 2025ರ ಆಗಸ್ಟ್‌ನಲ್ಲಿ ಮತ್ತೆ ಆದೇಶ ಬಂತು: 20 ವರ್ಷ ದಾಟಿದ ಕಾರಿಗೆ 10,000. ನನ್ನ ಮುಂದಿನ ಸರದಿ 2029ಕ್ಕೆ. ಭಾವನದ್ದೂ ಆಗಲೇ. ತುಕ್ಕು ತಿಂದ ನನ್ನ ಕಾರಿಗೂ, ಫಳಫಳ ಎನ್ನುವ ಅವರ ಕಾರಿಗೂ ಶುಲ್ಕ ಒಂದೇ. ಅರ್ಜಿ ಹಾಕುವುದು ತಡವಾದರೆ ತಿಂಗಳಿಗೆ 500 ದಂಡ ಬೇರೆ. ದುಡ್ಡು ಹೆಚ್ಚು ಕೊಟ್ಟರೆ ತಗಡು ಗಟ್ಟಿಯಾಗುತ್ತದೆಯೇ? ಈ ಹತ್ತು ಸಾವಿರದಲ್ಲಿ ಅರ್ಧ ನನ್ನ ಕೈಯಲ್ಲೇ ಬಿಟ್ಟಿದ್ದರೆ ಎರಡು ಟೈರು ಬದಲಿಸುತ್ತಿದ್ದೆ. ಇನ್ಶೂರೆನ್ಸಿನವರನ್ನು ನೋಡಿ. 1000 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2,094 ರೂಪಾಯಿ ಎಂದು 2022ರಲ್ಲಿ ನಿಗದಿಯಾಯಿತು. ಅದಕ್ಕೆ ಆಧಾರ ಎಂಜಿನ್ನಿನ ಸಿಸಿ. ಕಾರು ಯಾವ ಇಸವಿಯದ್ದು ಎಂದು ಆ ದರ ಕೇಳುವುದಿಲ್ಲ.

ಟೈರಿನ ಮಾತು ಬಂತಲ್ಲ, ಓದುಗರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3517 ಎಂದಿದ್ದರೆ 2017ರ 35ನೇ ವಾರದಲ್ಲಿ ತಯಾರಾಗಿದ್ದು ಎಂದರ್ಥ. ನಮ್ಮ ಕಡೆ ಮುಂಬೈ, ದುಬೈನಲ್ಲಿರುವ ಮಕ್ಕಳು ತೆಗೆದುಕೊಟ್ಟ ಕಾರುಗಳು ಶೆಡ್ಡಿನಲ್ಲೇ ನಿಂತಿರುತ್ತವೆ. ಓಟ ಕಡಿಮೆ, ಟೈರಿನ ಗೀರು ಹೊಸದರ ಹಾಗೇ ಇರುತ್ತವೆ. ಬೆರಳಿಟ್ಟು ಪಕ್ಕ ಸವರಿದರೆ ಸಣ್ಣ ಸಣ್ಣ ಬಿರುಕು, ರಬ್ಬರು ಮರಗಟ್ಟಿರುತ್ತದೆ. ಮಳೆಯಲ್ಲಿ ಬ್ರೇಕು ಹೊಡೆದರೆ ಅದು ನೆಲ ಹಿಡಿಯುವುದಿಲ್ಲ. ಕಾಗದದ ಲೆಕ್ಕದಲ್ಲಿ ಆ ಕಾರು ಹತ್ತು ವರ್ಷದ್ದೂ ಅಲ್ಲ, ಅದನ್ನು ಯಾರೂ ಕೇಳುವುದಿಲ್ಲ.

ಹಳೇ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ. ಇದನ್ನು ಮುಚ್ಚಿಡುವುದಿಲ್ಲ. ಹೆದ್ದಾರಿ 66 ನಾಲ್ಕು ಲೇನ್ ಆದ ಮೇಲೆ ಪಕ್ಕದಲ್ಲಿ ಟ್ಯಾಂಕರ್ ಹಾದುಹೋದರೆ ನನ್ನ ಪುಟ್ಟ ಕಾರು ಅಲ್ಲಾಡುತ್ತದೆ. ಎಡಕ್ಕೆ ಹಿಡಿದು 60ರ ಒಳಗೇ ಹೋಗುತ್ತೇನೆ. ಆದರೆ ಈ ಕಾರು ಕಿತ್ತುಕೊಂಡರೆ ನಾನು ಹೊಸ ಕಾರಿನ ಶೋರೂಮಿಗೆ ಹೋಗುತ್ತೇನೆ ಎಂದು ತಿಳಿಯಬೇಡಿ. ಎಲ್ಲಕ್ಕಿಂತ ಅಗ್ಗದ ಹೊಸ ಕಾರೂ ಮನೆ ಮುಂದೆ ಬಂದು ನಿಲ್ಲುವಾಗ ನಾಲ್ಕೈದು ಲಕ್ಷ. 2021ರ ಗುಜರಿ ನೀತಿಯ ಪ್ರಕಾರ ಹಳೇ ಕಾರು ಕೊಟ್ಟರೆ ಸಿಗುವುದು ಹೊಸ ಕಾರಿನ ಶೋರೂಂ ಬೆಲೆಯ ಶೇಕಡ 4ರಿಂದ 6. ನಾಲ್ಕು ಲಕ್ಷದ ಕಾರೆಂದರೆ ಹೆಚ್ಚೆಂದರೆ 24 ಸಾವಿರ. ತೆರಿಗೆಯಲ್ಲಿ ಒಂದಿಷ್ಟು ರಿಯಾಯಿತಿ ಇರಬಹುದು, ಉಳಿದದ್ದಕ್ಕೆ ಸಾಲ. ಬ್ಲೌಸ್ ಹೊಲಿದು ಆ ಕಂತು ಕಟ್ಟುವುದು ನನ್ನಿಂದಾಗದು. ನಾನು ಹೋಗುವುದು ಸ್ಕೂಟಿಗೆ. ಜುಲೈ ತಿಂಗಳ ರಾತ್ರಿ, ರೇನ್‌ಕೋಟು ಹಾಕಿ, ಕಾಲ ಬಳಿ ಬಟ್ಟೆ ಗಂಟು ಇಟ್ಟುಕೊಂಡು, ಎದುರಿನ ಲಾರಿ ಲೈಟಿಗೆ ಕಣ್ಣು ಕಿರಿದು ಮಾಡುತ್ತಾ. ಸ್ಕೂಟಿಗೆ ಏರ್‌ಬ್ಯಾಗ್ ಇದೆಯಾ? ಸುರಕ್ಷತೆಯ ಹೆಸರು ಹೇಳುವವರು ಈ ಲೆಕ್ಕವನ್ನೂ ಹಾಕಬೇಕು.

ಬಿಡಿಭಾಗ ಸಿಗುವುದಿಲ್ಲ ಎಂಬ ಮಾತಂತೂ ಸುಳ್ಳು. 1983ರ ಡಿಸೆಂಬರಿನಲ್ಲಿ ಬಂದ 800 ನಿಂತಿದ್ದು 2014ರಲ್ಲಿ. ಅದೇ 796 ಸಿಸಿ ಎಂಜಿನ್ನು ಓಮ್ನಿಯಲ್ಲಿ 2019ರ ತನಕ ಬಂತು. ಕುಮಟಾದಲ್ಲಿ ಬೆಳಿಗ್ಗೆ ಕೇಳಿದರೆ ಸಂಜೆಗೆ ಸಾಮಾನು ಕೈಗೆ. ಘಟ್ಟ ಹತ್ತುವಾಗ ಟೆಂಪರೇಚರ್ ಮುಳ್ಳು ಏರಿದರೆ ಹೀಟರ್ ಹಾಕಿ ಕಿಟಕಿ ಇಳಿಸುತ್ತೇನೆ, ಎಂಜಿನ್ನಿನ ಬಿಸಿ ಒಳಕ್ಕೆ ಬಂದು ಮುಳ್ಳು ಇಳಿಯುತ್ತದೆ. ಬೆವರು ಸುರಿಯುತ್ತೆ, ಬಿಡಿ. ಮಳೆಗಾಲದಲ್ಲಿ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಎಳೆದಿಟ್ಟರೆ ಬೆಳಿಗ್ಗೆ ಹಿಂದಿನ ಬ್ರೇಕ್ ಲೈನರು ಡ್ರಮ್ಮಿಗೆ ಕಚ್ಚಿಕೊಂಡಿರುತ್ತದೆ. ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಒಂದು ಚಿರೇಕಲ್ಲಿನ ತುಂಡು ಕೊಟ್ಟರಾಯಿತು.

ನಮ್ಮ ಕೈಯಲ್ಲಿಲ್ಲದ್ದು ಪೆಟ್ರೋಲು. ಈಗ ಅದರಲ್ಲಿ ಶೇಕಡ 20 ಎಥನಾಲ್. ನನ್ನ ಕಾರಿನ ರಬ್ಬರು ಪೈಪುಗಳು ಅದಕ್ಕೆಂದು ಮಾಡಿದವಲ್ಲ. ಕಾರೊಳಗೆ ಪೆಟ್ರೋಲ್ ವಾಸನೆ ಬಂತೆಂದು ತೋರಿಸಿದಾಗ ಒಂದು ಪೈಪು ಬೆರಳಲ್ಲಿ ಬಗ್ಗಿಸಿದರೆ ಸೀಳುವ ಸ್ಥಿತಿಯಲ್ಲಿತ್ತು. ವಯಸ್ಸಿನಿಂದಲೋ ಎಥನಾಲಿನಿಂದಲೋ, ಎರಡೂ ಸೇರಿಯೋ, ಬದಲಿಸಿದ್ದಂತೂ ನನ್ನ ಖರ್ಚಿನಲ್ಲೇ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ನಮ್ಮ ಊರಿನ ಹವೆಯಲ್ಲಿ ನೀರಿಗೇನು ಕಮ್ಮಿ? ಮೈಲೇಜು ಶೇಕಡ 6-7 ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಎಥನಾಲ್ ಬೇಡ ಎನ್ನುತ್ತಿಲ್ಲ, ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಒಳ್ಳೆಯದಾಗಲಿ. ಹಳೇ ಗಾಡಿಗಳಿಗಾಗಿ ಬಂಕಿನಲ್ಲಿ ಶೇಕಡ 10ರ ಪೆಟ್ರೋಲಿನ ಒಂದು ಪಂಪಾದರೂ ಇರಲಿ.

ಸಾರಿಗೆ ಇಲಾಖೆಯವರಲ್ಲಿ ನನ್ನ ಕೇಳಿಕೆ ಇದು. ಹದಿನೈದು ದಾಟಿದ ಕಾರನ್ನು ಕಟ್ಟುನಿಟ್ಟಾಗಿ ನೋಡಿ. ಎತ್ತಿ ನಿಲ್ಲಿಸಿ, ತಳ ಬಡಿದು ನೋಡಿ, ಬ್ರೇಕ್ ಪೈಪು, ಸ್ಟೇರಿಂಗು, ಟೈರಿನ ಅಂಕಿ ನೋಡಿ. ಫೇಲಾದರೆ ಫೇಲು ಮಾಡಿ, ನನ್ನದನ್ನೂ. ಪಾಸಾದರೆ ವಯಸ್ಸಿನ ಲೆಕ್ಕದಲ್ಲಿ ಹೆಚ್ಚಿಗೆ ವಸೂಲಿ ಬೇಡ, ಪರೀಕ್ಷೆಗೆ ಎಷ್ಟು ಖರ್ಚಾಗುತ್ತೋ ಅಷ್ಟು ಶುಲ್ಕ ಇಡಿ. ಈ ಪರೀಕ್ಷೆ ತಾಲ್ಲೂಕಿನಲ್ಲೇ ಆಗಲಿ. ಲೈಸೆನ್ಸಿಗೆ ಕ್ಯಾಂಪ್ ಮಾಡುತ್ತಾರಲ್ಲ, ಹಾಗೆ. ನಮ್ಮದು ಉದ್ದನೆಯ ಜಿಲ್ಲೆ, ಸುಮ್ನೆ ಒಂದು ಸಹಿಗೆ ಅಂಗಡಿ ಮುಚ್ಚಿ ಓಡುವುದು ಎಲ್ಲರಿಗೂ ಆಗುವುದಿಲ್ಲ.

ಕ್ಯಾಂಪ್ ಮಾಡುವುದಾದರೆ ಅಕ್ಟೋಬರಿನಲ್ಲಿ ಮಾಡಿ. ಮೇ ತಿಂಗಳಲ್ಲಿ ಕರಾವಳಿಯ ಪ್ರತಿ ಕಾರೂ ಒಣಗಿ, ಪೇಂಟು ಹೊಡೆಸಿಕೊಂಡು ಚೆಂದ ಕಾಣುತ್ತದೆ. ನಾಲ್ಕು ತಿಂಗಳು ಮಳೆಯಲ್ಲಿ ನೆಂದ ಮೇಲೆ ಮ್ಯಾಟು ಎತ್ತಿದರೆ ಯಾವುದು ಗಟ್ಟಿ, ಯಾವುದು ಕೊಳೆತದ್ದು ಎಂದು ಮೆಕ್ಯಾನಿಕ್ಕೇ ಬೇಕಿಲ್ಲ, ಮೂಗಿಗೇ ಗೊತ್ತಾಗುತ್ತದೆ.

ಇಂತಿ,
ಹೊಲಿಗೆ ಅಂಗಡಿಯವಳು
ಬಾಡ, ಕುಮಟಾ ತಾಲ್ಲೂಕು